ಬೀಸುಕಲ್ಲು ಮತ್ತು ಕಂಠ: ವಾದ್ಯವಿಲ್ಲದ ಗಾನದ ಒಂದು ವಿವೇಚನೆ

ಉಚ್ಚಂಗಿದುರ್ಗವೆಂದೊಡನೆ ಚರಿತ್ರೆಯ ವಿದ್ಯಾರ್ಥಿಗೆ ನೊಳಂಬರೂ ಉಚ್ಚಂಗಿಯ ಪಾಂಡ್ಯರೂ ಹೊಯ್ಸಳರ ಮುತ್ತಿಗೆಯೂ ನೆನಪಾಗುತ್ತವೆ. ಭಕ್ತನಿಗೆ ನೆನಪಾಗುವುದು ದುರ್ಗದ ಮೇಲಿನ ಉತ್ಸವಾಂಬೆ. ಜನರ ಬಾಯಲ್ಲಿ ಆಕೆ ಉಚ್ಚಂಗಿ ಎಲ್ಲಮ್ಮ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಕೇಳಿಬರುವ ಚೌಡಿಕೆಯ ಪದಗಳನ್ನು ಕುರಿತು ವಿದ್ವಾಂಸರು ಅಷ್ಟಿಷ್ಟು ಬರೆದಿದ್ದಾರೆ. ಆದರೆ ಅದೇ ಸೀಮೆಯ ಮನೆಮನೆಗಳಲ್ಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿಗಳ ಜೋಳದ ನಾಡಿನಲ್ಲಿ, ಬೆಳಗಿನ ಜಾವ ಯಾವ ವಾದ್ಯದ ನೆರವೂ ಇಲ್ಲದೆ ಹೊರಟ ಹೆಣ್ಣಿನ ಹಾಡಿಗೆ ಸಾಹಿತ್ಯ ವಿಮರ್ಶೆಯಲ್ಲಿ ದೊರೆತಿರುವ ಸ್ಥಾನ ಅರೆಬರೆಯದು. ಅದರ ನುಡಿಗೆ ಮನ್ನಣೆ ಸಂದಿದೆ. ಅದರ ಗಾನಕ್ಕೆ ಸಂದಿಲ್ಲ.

ಬೀಸುವ ಪದದ ಛಂದಸ್ಸು ಬಹುಮಟ್ಟಿಗೆ ತ್ರಿಪದಿ. ಇದರ ಪ್ರಾಚೀನತೆಗೆ ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೇ ಸಾಕ್ಷಿ. ಲಕ್ಷಣಕಾರರು ಇದನ್ನು ಹನ್ನೊಂದು ಅಂಶಗಣಗಳ ಮೂರು ಪಾದಗಳ ಪದ್ಯವೆಂದು ವಿವರಿಸುತ್ತಾರೆ; ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮ, ಉಳಿದವು ವಿಷ್ಣು. ಅಕ್ಕಮಹಾದೇವಿಯ ಯೋಗಾಂಗ ತ್ರಿವಿಧಿಗೂ ಸರ್ವಜ್ಞನ ವಚನಗಳಿಗೂ ಇದೇ ಒಡಲು. ಇಷ್ಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಆದರೆ ಕಾಗದದ ಮೇಲೆ ಮೂರು ಸಾಲಾದದ್ದು ಕಂಠದಲ್ಲಿ ಮೂರೇ ಸಾಲಾಗಿ ಉಳಿಯುವುದಿಲ್ಲ. ಹಾಡುವಾಗ ಎರಡನೆಯ ಸಾಲು ಮರುಕಳಿಸಿ, ಎಳೆದು, ಮೂರನೆಯದಕ್ಕೆ ಕೊಂಡಿಯಾಗುತ್ತದೆ. ಈ ಮರುಕಳಿಕೆ ಅಲಂಕಾರಕ್ಕಾಗಿ ಬಂದದ್ದಲ್ಲ. ಒಂದೇ ಗೂಟಕ್ಕೆ ಇಬ್ಬರು ಕೈಯಿಟ್ಟು ಬೀಸುವಾಗ ಒಬ್ಬಳು ಎತ್ತಿದ ನುಡಿಯನ್ನು ಮತ್ತೊಬ್ಬಳು ಹಿಡಿಯಲು ಅದು ಎಡೆಗೊಡುತ್ತದೆ. ದುಡಿಯುವ ದೇಹಕ್ಕೆ ಉಸಿರು ತಂದುಕೊಳ್ಳಲು ಬಿಡುವನ್ನೀಯುತ್ತದೆ. ಮುಂದಿನ ಸಾಲನ್ನು ನೆನೆಯಲು, ಇಲ್ಲವೇ ಆಗಲೇ ಕಟ್ಟಲು, ಅವಕಾಶವನ್ನು ಒದಗಿಸುತ್ತದೆ. ಛಂದಸ್ಸಿನ ನಿಯಮ ಶಾಸ್ತ್ರದಿಂದ ತೋಳಿಗೆ ಇಳಿದು ಬಂದದ್ದಲ್ಲ, ತೋಳಿನಿಂದ ಶಾಸ್ತ್ರಕ್ಕೆ ಏರಿದ್ದು ಎಂಬ ಊಹೆಗೆ ಇಲ್ಲಿ ಸಾಕಷ್ಟು ಆಧಾರವಿದೆ.

ಇಂಥ ಹಾಡನ್ನು ವಾದ್ಯರಹಿತವೆಂದು ಕರೆಯುವುದು ವಾಡಿಕೆ. ಈ ಮಾತಿನಲ್ಲಿ ಒಂದು ತಪ್ಪು ತೀರ್ಪು ಅಡಗಿದೆ. ವಾದ್ಯವಿರುವುದು ಪೂರ್ಣ ಸಂಗೀತ, ಇಲ್ಲದಿರುವುದು ಬಡತನದಿಂದಲೋ ಅರಿಯಮೆಯಿಂದಲೋ ಅರ್ಧಕ್ಕೆ ನಿಂತ ಸಂಗೀತ ಎಂಬುದೇ ಆ ತೀರ್ಪು. ಲೋಕದ ಅನುಭವ ಇದಕ್ಕೆ ವಿರುದ್ಧವಾಗಿದೆ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸಂಪ್ರದಾಯ ಆರಾಧನೆಗೆ ಮಾನವಕಂಠವೊಂದನ್ನೇ ತಕ್ಕುದೆಂದು ಬಗೆದಿದೆ. ರೋಮಿನ ಸಭೆಯ ಗ್ರೆಗೋರಿಯನ್ ಗಾನವೂ ಮೂಲತಃ ಒಂದೇ ಸ್ವರರೇಖೆಯ ಬರಿಗಂಠದ ಹಾಡು. ಜಾರ್ಜಿಯಾ ದೇಶದ ಹಳ್ಳಿಗರು ಮೂರು ಕಂಠಗಳನ್ನು ಹೆಣೆದು ಹಾಡುವ ಬಹುಸ್ವರ ಪದ್ಧತಿಯನ್ನು ಯುನೆಸ್ಕೋ 2001ರಲ್ಲಿ ಮನುಕುಲದ ಪರಂಪರೆಯೆಂದು ಸಾರಿತು. ಐರ್ಲೆಂಡಿನ ಶಾನ್ ನೋಸ್ ಹಾಡುಗಾರನು ಒಬ್ಬನೇ ಕುಳಿತು, ತಾಳದ ಹಂಗಿಲ್ಲದೆ, ಮಾತಿನ ನಡೆಯನ್ನೇ ನೆಚ್ಚಿ ಹಾಡುತ್ತಾನೆ. ಇವರಾರಿಗೂ ವಾದ್ಯದ ಕೊರತೆಯಿರಲಿಲ್ಲ. ಕಂಠಕ್ಕೆ ಮಾತ್ರ ಸಾಧ್ಯವಾದುದೊಂದನ್ನು ಅವರು ಅರಸಿದರು.

ಬೀಸುವ ಪದಕ್ಕೆ ನೇರವಾಗಿ ಒಡಹುಟ್ಟಾದುದು ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿದೆ. ಅಲ್ಲಿ ನೇಯ್ದ ಉಣ್ಣೆಯ ಬಟ್ಟೆಯನ್ನು ನೆನೆಸಿ, ಹಲಗೆಯ ಸುತ್ತ ಕುಳಿತ ಹೆಂಗಸರು ಅದನ್ನು ಬಡಿದು ಹದಗೊಳಿಸುತ್ತ ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಒಬ್ಬಳು ನುಡಿ ಎತ್ತುವಳು, ಉಳಿದವರು ಅರ್ಥವಿಲ್ಲದ ಅಕ್ಷರಗಳ ಪಲ್ಲವಿಯನ್ನು ಹಿಡಿಯುವರು. ಬಟ್ಟೆಯ ಬಡಿತವೇ ತಾಳ. ಆ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ಹಾಡು ತನ್ನ ಬೇರನ್ನು ಕಳೆದುಕೊಂಡು ವೇದಿಕೆಗೂ ಧ್ವನಿಮುದ್ರಣಕ್ಕೂ ಸರಿಯಿತು. ನೆರೆಯ ಮರಾಠಿಯ ಓವಿಯ ಕಥೆಯೂ ಬೇರೆಯಲ್ಲ. ಮಹಾರಾಷ್ಟ್ರದ ಸ್ತ್ರೀಯರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 12ನೆಯ ಶತಮಾನದಲ್ಲೇ ದಾಖಲಿಸಿದೆ. ಅಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪೊಯಿತ್ವಾ ಅವರು ಆರಂಭಿಸಿದ ಕಾರ್ಯದಿಂದ ಒಂದು ಲಕ್ಷಕ್ಕೂ ಮೀರಿದ ಬೀಸುಕಲ್ಲಿನ ಓವಿಗಳು ಸಂಗ್ರಹಗೊಂಡಿವೆ. ಅವುಗಳಲ್ಲಿ ಸಾವಿರಾರು ಹಾಡುಗಳ ಧ್ವನಿಯೂ ಉಳಿದಿದೆಯೆಂಬುದು ಗಮನಾರ್ಹ.

ಕನ್ನಡದಲ್ಲಿ ಈ ದಿಕ್ಕಿನ ಮೊದಲ ಮಹತ್ಕಾರ್ಯ 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’. ಹಲಸಂಗಿಯ ಗೆಳೆಯರ ಈ ಸಂಕಲನ ಓದುಬರಹವಿಲ್ಲದ ಹೆಣ್ಣುಮಕ್ಕಳ ನುಡಿಯನ್ನು ಕಾವ್ಯವೆಂದು ಕಾಣುವ ಕಣ್ಣನ್ನು ನಾಡಿಗೆ ಕೊಟ್ಟಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಆ ಹಾದಿಯಲ್ಲಿ ನಡೆದ ಎಷ್ಟೋ ಸಂಗ್ರಹಗಳೂ ಪಾಠ್ಯಪುಸ್ತಕಗಳೂ ಹಾಡನ್ನು ಪದ್ಯಕ್ಕೆ ಇಳಿಸಿ ತೃಪ್ತವಾದವು. ಮುದ್ರಿತ ಪುಟದಲ್ಲಿ ಮರುಕಳಿಕೆಗಳು ಬಿಟ್ಟುಹೋದವು, ‘ಸುವ್ವಿ’, ‘ಸೋ’ ಎಂಬ ಸೊಲ್ಲುಗಳು ಅನಾವಶ್ಯಕವೆಂದು ಕಂಡವು, ಎಲ್ಲಿ ಉಸಿರು ನಿಂತಿತೆಂಬುದರ ಗುರುತು ಅಳಿಯಿತು. ಪರಿಣಾಮವಾಗಿ ವಿಮರ್ಶಕನು ಇಲ್ಲದ ದೋಷಗಳನ್ನು ಕಾಣತೊಡಗಿದನು. ಒಂದೇ ಪದಪುಂಜ ಹತ್ತು ಹಾಡುಗಳಲ್ಲಿ ಬಂದರೆ ಅದನ್ನು ಪುನರುಕ್ತಿ ಎಂದನು. ಹಾಡುವವಳಿಗೆ ಅದು ದಣಿದ ತೋಳು ನಿಂತು ಮುಂದೆ ಸಾಗುವ ತಂಗುದಾಣ.

ಇದಕ್ಕಿಂತ ದೊಡ್ಡ ಅಪಾಯ ವೇದಿಕೆಯಿಂದ ಬಂದಿದೆ. ಬೀಸುವ ಪದಕ್ಕೆ ಹಾರ್ಮೋನಿಯಂ, ತಬಲಗಳನ್ನು ಕೂಡಿಸಿ ಸಮತಾಳಕ್ಕೆ ಕಟ್ಟಿದಾಗ ಹಾಡು ಇಂಪಾಗಬಹುದು. ಆದರೆ ನಡೆಯ ಯಜಮಾನಿಕೆ ಕೈಬದಲಾಗುತ್ತದೆ. ಹಿಟ್ಟು ಸಣ್ಣದಾದಂತೆ, ಕಾಳು ಮುಗಿಯುತ್ತ ಬಂದಂತೆ, ಮನಸ್ಸು ಭಾರವಾದಂತೆ ತಾನೇ ಹಿಗ್ಗಿ ಕುಗ್ಗುತ್ತಿದ್ದ ಲಯ ಈಗ ಬೇರೊಬ್ಬರ ಬೆರಳಿಗೆ ಅಧೀನವಾಗುತ್ತದೆ. ವಾದ್ಯ ಇದೆಯೇ ಇಲ್ಲವೇ ಎಂಬುದು ಮುಖ್ಯ ಪ್ರಶ್ನೆಯಲ್ಲ. ಉಸಿರನ್ನು ವಾದ್ಯ ಅನುಸರಿಸುತ್ತದೆಯೋ, ವಾದ್ಯವನ್ನು ಉಸಿರು ಅನುಸರಿಸಬೇಕೋ ಎಂಬುದೇ ಪ್ರಶ್ನೆ. ಉಚ್ಚಂಗಿಯ ಜೋಗತಿಯರ ಚೌಡಿಕೆ ಹಾಡಿದವಳ ಕಂಕುಳಲ್ಲೇ ಇದ್ದು ಅವಳ ದನಿಯೊಡನೆ ಏರಿಳಿಯುತ್ತದೆ. ಆದ್ದರಿಂದ ಅದು ಬೀಸುವ ಪದಕ್ಕೆ ವಿರೋಧಿಯಲ್ಲ, ನೆರೆಯವಳು.

ಶರಣಪರಂಪರೆಯ ನಿಲುವೂ ಇಲ್ಲಿ ದಾರಿ ತೋರುತ್ತದೆ. ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ವಾದ್ಯವಿದೆ. ಶರಣರು ವಾದ್ಯವನ್ನು ನಿಷೇಧಿಸಿದವರಲ್ಲ. ಆದರೆ ತಾಳಮಾನಗಳನ್ನು ಅರಿಯೆನೆಂದು ಒಪ್ಪಿ, ಒಲಿದಂತೆ ಹಾಡುವೆನೆಂದ ಬಸವಣ್ಣನವರು, ತಮ್ಮ ಒಡಲನ್ನೇ ವೀಣೆಯಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದರು. ಹೊರಗಿನ ವಾದ್ಯ ಒಳಗೆ ಬಂದು ದೇಹವೇ ಆದ ಈ ಕಲ್ಪನೆಗೂ ಬೀಸುವವಳ ಹಾಡಿಗೂ ದೂರದ ನಂಟಲ್ಲ. ಧಾನ್ಯ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ, ನೂಲುವ ಕಾಯಕದ ಕದಿರ ರೆಮ್ಮವ್ವೆ ಶರಣಗಣದಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಕಾಯಕದ ಸದ್ದು ನುಡಿಗೆ ಅಡ್ಡಿಯಲ್ಲ, ಆಧಾರ ಎಂಬ ಅರಿವು ಅಲ್ಲಿದೆ. ಬೀಸುವವಳು ಕಲ್ಲಿಗೆ ಕೈಮುಗಿದು, ಶಿವನನ್ನೂ ಗುರುವನ್ನೂ ನೆನೆದು ಪದ ಎತ್ತುವ ಸಂಪ್ರದಾಯವೂ ಇದೇ ಅರಿವಿನ ಮುಂದುವರಿಕೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ವಿಮರ್ಶೆಯಾಗದು. ಬೀಸುವುದು ನಿದ್ದೆಗೆಟ್ಟ ಹೆಣ್ಣಿನ ದಣಿವು. ಹಿಟ್ಟಿನ ಗಿರಣಿ ಅವಳ ತೋಳಿಗೆ ಬಿಡುಗಡೆ ನೀಡಿತು; ಹಾಡಿನ ಮೋಹಕ್ಕಾಗಿ ಆ ಬಿಡುಗಡೆಯನ್ನು ಹಳಿಯುವ ಹಕ್ಕು ಕೇಳಿ ಆನಂದಿಸುವವರಿಗಿಲ್ಲ. ಅಂತೆಯೇ ದುರ್ಗದ ಜಾತ್ರೆಯ ಪದಗಳ ಸೊಬಗು ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಗೆ ಸಮರ್ಥನೆಯಾಗದು. 1982ರ ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧ ಕಾಯಿದೆ ಕಲೆಗೆ ಬಂದ ಅಡ್ಡಿಯಲ್ಲ, ಕಲೆಯ ಹೆಸರಿನ ಕ್ರೌರ್ಯಕ್ಕೆ ಹಾಕಿದ ತಡೆ. ಹಾಡನ್ನು ಪ್ರೀತಿಸುವವರು ಹಾಡಿದವಳ ನೋವನ್ನು ಮೊದಲು ಕೇಳಬೇಕು. ಬೀಸುವ ಪದಗಳಲ್ಲಿ ತವರಿನ ಹಂಬಲವೂ ಅತ್ತೆಮನೆಯ ಅಳಲೂ ಅಷ್ಟು ದಟ್ಟವಾಗಿರುವುದಕ್ಕೆ ಕಾರಣ, ಅವಳಿಗೆ ಮನಬಿಚ್ಚಿ ನುಡಿಯಲು ದೊರೆತಿದ್ದ ಎಡೆ ಆ ಕಲ್ಲಿನ ಮುಂದೆ ಮಾತ್ರ ಎಂಬುದು. ಕಲ್ಲಿನ ಸದ್ದು ಅವಳ ಮಾತನ್ನು ಮರೆಮಾಡಿಯೂ ಕಾಯುತ್ತಿತ್ತು.

ಆದ್ದರಿಂದ ಉಳಿಯಬೇಕಾದುದು ದಣಿವಲ್ಲ, ದಣಿವಿನ ನಡುವೆ ಕಂಠ ಕಂಡುಕೊಂಡ ಸ್ವಾತಂತ್ರ್ಯ. ಕಲ್ಲಿನ ಮುಂದೆ ಕುಳಿತು ಹಾಡಿದ ತಲೆಮಾರು ತೀರುತ್ತ ಬಂದಿದೆ. ಇನ್ನು ಸಂಗ್ರಹಕ್ಕೆ ಹೊರಡುವ ವಿದ್ಯಾರ್ಥಿಯು ನುಡಿಯೊಂದನ್ನೇ ಬರೆದುಕೊಂಡು ಮರಳಬಾರದು. ಧ್ವನಿಯನ್ನು ಮುದ್ರಿಸಿ, ಮರುಕಳಿಕೆಗಳನ್ನು ಬಿಡದೆ, ನಿಲುಗಡೆಗಳನ್ನು ಗುರುತಿಸಿ, ಹಾಡಿದವಳು ತಾನೇ ಹಾಡಿಗೆ ಹೇಳುವ ಅರ್ಥವನ್ನು ಬರೆದಿಡಬೇಕು. ಪುಟದ ಮೇಲಿನ ಮೂರು ಸಾಲುಗಳ ನಡುವೆ ಒಂದು ಉಸಿರು ಇತ್ತೆಂಬುದನ್ನು ಬಲ್ಲ ಓದುಗನಿಗೆ ಮಾತ್ರ ತ್ರಿಪದಿ ತನ್ನ ಪೂರ್ಣರೂಪದಲ್ಲಿ ಒಲಿಯುತ್ತದೆ.