ಆಟದ ಋಣ

ನಿವೃತ್ತಿಯಾದ ಮೇಲೆ ಮನೆಯಲ್ಲಿ ನನಗೆ ಒಪ್ಪಿಸಿದ ಮೊದಲ ಕೆಲಸ, ಅಟ್ಟದ ಮೇಲಿನ ಪುಸ್ತಕದ ಪೆಟ್ಟಿಗೆ ಇಳಿಸಿ ಬೇಡದ್ದನ್ನು ರದ್ದಿಗೆ ಹಾಕುವುದು. ಇಳಿಸಿ ನೋಡಿದರೆ ಅರ್ಧ ಪೆಟ್ಟಿಗೆ ಬರೀ ಸ್ಮರಣ ಸಂಚಿಕೆಗಳು. ಬ್ಯಾಂಕಿನವರು ಎಲ್ಲೆಲ್ಲಿಗೆ ವರ್ಗ ಮಾಡಿದರೋ ಅಲ್ಲೆಲ್ಲ ಒಂದು ಕನ್ನಡ ಸಂಘ, ಸಂಘ ಇದ್ದಲ್ಲಿ ವಾರ್ಷಿಕೋತ್ಸವ, ವಾರ್ಷಿಕೋತ್ಸವ ಅಂದಮೇಲೆ ಒಂದು ಸಂಚಿಕೆ. ಎರಡು ಸಲ ಸೇರಿ ಹನ್ನೊಂದು ವರ್ಷ ಮದ್ರಾಸಿನಲ್ಲಿದ್ದೆ, ನಡುವೆ ಮುಂಬೈ, ಕೊನೆಗೆ ಹೈದರಾಬಾದು. ರದ್ದಿಯವನು ಬಂದು ಕಿಲೋಗೆ ಇಷ್ಟು ಅಂತ ಹೇಳಿ ಹೋದ. ಕೊಡುವ ಮುಂಚೆ ಒಂದು ಸಲ ಓದಿಬಿಡೋಣ ಅಂತ ಕೂತವನು ಹತ್ತು ದಿನ ಕೂತೆ.

ಅದೇ ಪೆಟ್ಟಿಗೆಯಲ್ಲಿ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ (2011) ಕೂಡ ಸಿಕ್ಕಿತು. ಎರಡನ್ನೂ ಒಟ್ಟಿಗೆ ಓದಿದ್ದರಿಂದ ಹುಟ್ಟಿದ ಮಾತು ಇದು. ಸಂಘದ ಸಂಚಿಕೆಯನ್ನೂ ಜ್ಞಾನಪೀಠ ಬಂದವರ ಪುಸ್ತಕವನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವೇ ಅಂತ ನೀವು ಕೇಳಬಹುದು. ಸಾಹಿತ್ಯವನ್ನು ತೂಗುವ ಯೋಗ್ಯತೆ ನನಗಿಲ್ಲ, ನಾನು ಎಂ.ಕಾಂ. ಮಾಡಿದವನು. ಯಾರು ಯಾರಿಗೆ ಹೇಗೆ ಋಣ ಹೇಳಿದ್ದಾರೆ ಅನ್ನುವುದನ್ನು ಮಾತ್ರ ನೋಡಿದ್ದೇನೆ. ಆ ಲೆಕ್ಕ ನೋಡುವ ಅಭ್ಯಾಸ ಉಂಟು.

ಮೊದಲು ‘ಆಟ’ ಅನ್ನುವ ಮಾತಿನ ಬಗ್ಗೆ. ಕರಾವಳಿಯವರು ಯಕ್ಷಗಾನಕ್ಕೆ ಹೊರಟರೆ ‘ಆಟಕ್ಕೆ ಹೋಗ್ತೇವೆ’ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ದೊಡ್ಡಾಟ, ಸಣ್ಣಾಟ. ಕಬಡ್ಡಿಯೂ ಆಟವೇ. ಹೊರನಾಡಿನ ಸಂಘಗಳಲ್ಲಿ ಈ ಎರಡು ಬಗೆಯ ಆಟಕ್ಕೂ ಜನ ಅವರೇ. ಭಾನುವಾರ ಬೆಳಿಗ್ಗೆ ವಾಲಿಬಾಲ್, ಸಂಜೆ ನಾಟಕದ ರಿಹರ್ಸಲ್, ಎರಡರ ನಡುವೆ ಯಾರದೋ ಮನೆಯಲ್ಲಿ ಬಿಸಿಬೇಳೆಬಾತು. ಪರಊರಿನಲ್ಲಿ ಆಫೀಸಿನವರು ನಮ್ಮನ್ನು ಹುದ್ದೆಯಿಂದ ಗುರುತಿಸುತ್ತಾರೆ, ಮನೆ ಮಾಲೀಕರು ಬಾಡಿಗೆಯ ತಾರೀಖಿನಿಂದ. ಹೆಸರು ಹಿಡಿದು, ಏಕವಚನದಲ್ಲಿ ಬೈದು, ಮತ್ತೆ ಕರೆದು ಕಾಫಿ ಕೊಡಿಸುವವರು ಸಿಕ್ಕುವುದು ಆಟದಲ್ಲೇ.

ಆದರೆ ಅವರ ಬಗ್ಗೆ ನಮ್ಮ ಸಂಚಿಕೆಗಳಲ್ಲಿ ಏನಿದೆ? ಮೊದಲ ಪುಟಗಳಲ್ಲಿ ಮಂತ್ರಿಗಳ ಶುಭಾಶಯ. ಆಮೇಲೆ ಅಧ್ಯಕ್ಷರ ನುಡಿ, ದಾನಿಗಳ ಫೋಟೋ, ಮೈಸೂರು ಪೇಟ, ಶಾಲು, ಗಂಧದ ಹಾರ. ಹೋಟೆಲಿನ ಜಾಹೀರಾತುಗಳ ಮಧ್ಯೆ ಒಂದು ‘ಕೃತಜ್ಞತೆಗಳು’ ಪುಟ. ಅಲ್ಲಿ ಎಲ್ಲರೂ ‘ತನು ಮನ ಧನದಿಂದ ಸಹಕರಿಸಿದವರು’. ಎಲ್ಲರೂ ‘ಚಿರಋಣಿ’. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇವು ವೋಚರ್ ಇಲ್ಲದ ಎಂಟ್ರಿಗಳು. ಹೆಸರು ಇದೆ, ಖಾತೆ ಇದೆ, ಯಾತಕ್ಕೆ ಅನ್ನೋದು ಇಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವನು ಒಂದನ್ನೂ ಪಾಸು ಮಾಡುವುದಿಲ್ಲ. ಹತ್ತು ದಿನ ಓದಿದರೂ ಒಬ್ಬ ಮನುಷ್ಯನ ಮುಖ ಕಣ್ಣಿಗೆ ಕಟ್ಟಲಿಲ್ಲ.

ಒಂದೇ ಒಂದು ಬಿಟ್ಟು. ಮುಂಬೈಯ ಸಂಚಿಕೆಯೊಂದರಲ್ಲಿ ಅರ್ಧ ಪುಟ. ಬರೆದವರು ಹುಡುಗನಾಗಿ ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅಂಥ ಶಾಲೆಗಳು ಮುಂಬೈಯಲ್ಲಿ ಎಷ್ಟೋ ಹೋಟೆಲ್ ಹುಡುಗರನ್ನು ಮೆಟ್ರಿಕ್ ದಾಟಿಸಿವೆ. ಅಲ್ಲಿನ ವಾರ್ಷಿಕೋತ್ಸವದ ನಾಟಕದಲ್ಲಿ ಇವರಿಗೊಂದು ಜಮೀನ್ದಾರನ ಪಾತ್ರ. ಹಾಕಲು ಅಂಗಿ ಇಲ್ಲ. ಮೇಷ್ಟ್ರು ಮನೆಯಿಂದ ತಮ್ಮದೇ ಇಸ್ತ್ರಿ ಅಂಗಿ ತಂದು ಕೊಟ್ಟು, ನಾಟಕ ಮುಗಿದ ಮೇಲೆ ‘ಇದು ನಿನಗೇ ಸರಿ ಹೋಗಿದೆ’ ಅಂದರಂತೆ. ಅಷ್ಟೇ ಲೇಖನ. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿದೆ, ಅಚ್ಚಿನ ತಪ್ಪು ಬೇಕಾದಷ್ಟು. ಆದರೂ ನಾನು ಓದಿದ ಸಂಚಿಕೆಗಳಲ್ಲೆಲ್ಲ ಇದೇ ಒಳ್ಳೆಯ ಗದ್ಯ. ಯಾಕೆಂದರೆ ಅಂಗಿ ಇದೆ.

ಕಾರ್ನಾಡರ ಪುಸ್ತಕದಲ್ಲಿ ಇಂಥ ಅಂಗಿಗಳು ಬಹಳ. ಅವರು ಯಾರನ್ನೂ ‘ತನು ಮನ ಧನ’ ಅನ್ನುವುದಿಲ್ಲ. ಪುಸ್ತಕವನ್ನು ಅರ್ಪಿಸಿರುವುದೇ ನೋಡಿ: ಡಾ. ಮಧುಮಾಲತಿ ಗುಣೆ ಅವರಿಗೆ. ಇವರು ಹುಟ್ಟುವ ಮೊದಲು, ಈ ಮಗು ಬೇಡ ಅಂತ ತಾಯಿ ಪುಣೆಯಲ್ಲಿ ಆ ಡಾಕ್ಟರರ ಹತ್ತಿರ ಹೋಗಿದ್ದರು. ಅವತ್ತು ಡಾಕ್ಟರು ಬರಲಿಲ್ಲ. ಕಾದು ವಾಪಸು ಬಂದರು. ಬಾರದೇ ಇದ್ದದ್ದಕ್ಕೆ ಒಬ್ಬರಿಗೆ ಪುಸ್ತಕ ಅರ್ಪಿಸಿದವರು ನಮ್ಮಲ್ಲಿ ಬೇರೆ ಯಾರಾದರೂ ಇದ್ದಾರೋ ಕಾಣೆ. ಇದರಲ್ಲಿ ಸಕ್ಕರೆ ಇಲ್ಲ, ಆದರೆ ಋಣದ ವಿವರ ಚೊಕ್ಕವಾಗಿದೆ. ಜಗಳ, ಮುನಿಸು, ಪ್ರೇಮ ಎಲ್ಲವನ್ನೂ ಬಿಚ್ಚಿ ಹೇಳುವ ಈ ಧಾಟಿ ಕೆಲವು ಓದುಗರಿಗೆ ಕಹಿ ಅನ್ನಿಸಿತು. ನನಗೂ ಒಂದೆರಡು ಕಡೆ, ಇಷ್ಟೊಂದು ಬೇಕಿತ್ತೇ, ಆ ಕಡೆಯವರು ಉತ್ತರ ಕೊಡಲಿಕ್ಕೆ ಎಲ್ಲಿ ಹೋಗಬೇಕು, ಅನ್ನಿಸಿದ್ದು ನಿಜ. ಆದರೆ ಜಗಳವನ್ನು ಬಿಟ್ಟು ಬರೀ ಉಪಕಾರವನ್ನು ಬರೆದರೆ ಅದು ಮತ್ತೆ ಪೇಟ ಶಾಲಿನ ಕೃತಜ್ಞತೆಯೇ ಆಗುತ್ತದೆ.

ನನಗೆ ಹತ್ತಿರದ್ದು ಮದ್ರಾಸಿನ ಭಾಗ. ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ ಬಂದ ಕಾರ್ನಾಡರು 1963ರಿಂದ 1970ರವರೆಗೆ ಅಲ್ಲಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ ಮಾಡಿದರು. ಹಗಲು ಆಫೀಸು, ಸಂಜೆ ‘ಮದ್ರಾಸ್ ಪ್ಲೇಯರ್ಸ್’. 1955ರಲ್ಲಿ ಶುರುವಾದ ಹವ್ಯಾಸಿ ತಂಡ ಅದು, ಆಡುತ್ತಿದ್ದದ್ದು ಇಂಗ್ಲಿಷ್ ನಾಟಕ. ಕೆಲಸ ಮುಗಿಸಿ ಬಂದು, ದುಡ್ಡಿನ ಆಸೆಯಿಲ್ಲದೆ ಮಾತು ಬಾಯಿಪಾಠ ಮಾಡುವ ಜನ. ಅದರ ಸ್ಥಾಪಕರಲ್ಲಿ ಒಬ್ಬರು ಸ್ನೇಹಲತಾ ರೆಡ್ಡಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಈ ಗೆಳೆತನದಲ್ಲಿ ಹುಟ್ಟಿದ್ದು ‘ಸಂಸ್ಕಾರ’ ಸಿನಿಮಾ (1970).

ನಮ್ಮಲ್ಲಿ ಹೊಸ ಅಲೆಯ ಚರಿತ್ರೆ ಬರೆಯುವವರು ‘ಸಂಸ್ಕಾರ’ದಿಂದ ಶುರು ಮಾಡುತ್ತಾರೆ. ಪ್ರಶಸ್ತಿ ಬಂದದ್ದು, ಮೊದಲು ಸೆನ್ಸಾರಿನವರು ತಡೆದದ್ದು ಹೇಳಿ ‘ವಂಶವೃಕ್ಷ’ಕ್ಕೆ ಹಾರುತ್ತಾರೆ. ಆ ರಿಹರ್ಸಲ್ ಕೋಣೆಗೆ ಯಾರೂ ಇಣುಕುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಮಲೆನಾಡಿನ ಅಗ್ರಹಾರದ ಕಥೆಯನ್ನು ಅನಂತಮೂರ್ತಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಅದನ್ನು ಚಿತ್ರ ಮಾಡಿದ ಪಟ್ಟಾಭಿಯವರು ತೆಲುಗಿನವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಕಲಾ ನಿರ್ದೇಶನದ ಎಸ್. ಜಿ. ವಾಸುದೇವ್ ಮೈಸೂರಿನಲ್ಲಿ ಹುಟ್ಟಿ ಮದ್ರಾಸಿನ ಚೋಳಮಂಡಲ ಕಲಾಗ್ರಾಮ ಸೇರಿದ್ದವರು. ಚಂದ್ರಿಯಾದ ಸ್ನೇಹಲತಾಗೆ ಕನ್ನಡ ಮನೆಮಾತಲ್ಲ. ಕನ್ನಡದ ಇಷ್ಟು ದೊಡ್ಡ ಕೆಲಸಕ್ಕೆ ಇಷ್ಟು ಜನ ಹೊರಗಿನವರು ಹೆಗಲು ಕೊಟ್ಟರು. ನಿರ್ದೇಶಕರೂ ಕಾದಂಬರಿಕಾರರೂ ನಮಗೆ ನೆನಪಿದ್ದಾರೆ, ಹೆಗಲುಗಳು ನೆನಪಿಲ್ಲ.

ಸಿನಿಮಾದಲ್ಲಿ ದೋಷ ಇಲ್ಲವೆಂದಲ್ಲ. ಈಚೆಗೆ ಮತ್ತೆ ನೋಡಿದಾಗ ಕೆಲವು ಕಡೆ ಮಾತು ಸ್ಟೇಜಿನ ಮೇಲಿನ ಮಾತಿನ ಹಾಗೇ ಕೇಳಿಸಿತು. ಹವ್ಯಾಸಿಗಳಿಗೆ ಮೌನದಲ್ಲಿ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದು ಯಾವಾಗಲೂ ಕಷ್ಟ. (ನನಗೂ ಗೊತ್ತು. ಮಾನಸಗಂಗೋತ್ರಿಯಲ್ಲಿ ಓದುವಾಗ ಹಾಸ್ಟೆಲಿನವರು ಮಾಡಿದ ‘ತುಘಲಕ್’ನಲ್ಲಿ ನಾನು ಕಾವಲುಗಾರ, ಎರಡು ಮಾತು, ಒಂದು ಭರ್ಜಿ. ಭರ್ಜಿ ಇಲ್ಲದಿದ್ದರೆ ಕೆಟ್ಟೆ.) ಆದರೆ ಹೆಣ ಒಳಗಿಟ್ಟುಕೊಂಡು ಜಗಲಿಯಲ್ಲಿ ಕೂತ ಬ್ರಾಹ್ಮಣರು ಒಬ್ಬರ ಮುಖ ಒಬ್ಬರು ನೋಡುವಾಗ, ಯಾರು ಮೊದಲು ಬಾಯಿ ಬಿಡುತ್ತಾರೆ ಅಂತ ಕಾಯುವಾಗ, ಆ ಗುಂಪು ನಿಜವಾದ ಗುಂಪು. ದಿನಗೂಲಿಯ ನಟರನ್ನು ತಂದು ಕೂರಿಸಿದ್ದರೆ ಅದು ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಸ್ನೇಹಲತಾ ಅವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಹಿಡಿದು ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇತ್ತು, ಜೈಲಿನಲ್ಲಿ ಅದು ಉಲ್ಬಣಿಸಿತು. ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಕನ್ನಡಕ್ಕೆ ಚಂದ್ರಿಯನ್ನು ಕೊಟ್ಟವರು ನಮ್ಮದೇ ರಾಜಧಾನಿಯ ಜೈಲಿನಲ್ಲಿ ಉಸಿರಿಗೆ ಒದ್ದಾಡಿದರು. ಸಿನಿಮಾ ಚರಿತ್ರೆ ಬರೆಯುವಾಗ ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ.

ಇಷ್ಟೆಲ್ಲ ಆಕ್ಷೇಪಣೆ ಮಾಡುವವನು ತಾನೇನು ಮಾಡಿದ ಅಂತ ನೀವು ಕೇಳುವ ಮೊದಲು ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿದ್ದ 1994ರ ಮದ್ರಾಸ್ ಸಂಚಿಕೆಯ ಸಮಿತಿಯಲ್ಲಿ ನಾನೂ ಇದ್ದೆ. ಪ್ರೂಫು ನೋಡಿದವನು ನಾನೇ.

ನಾನು ಮದ್ರಾಸಿಗೆ ಹೋದದ್ದು 1984ರಲ್ಲಿ. ನಮ್ಮ ಬ್ಯಾಂಕಿನ ಬಾಲ್ ಬ್ಯಾಡ್ಮಿಂಟನ್ ಟೀಮಿಗೆ ಐದನೆಯವನು ಬೇಕಿತ್ತು. ಈಗಿನ ಹುಡುಗರಿಗೆ ಆ ಆಟ ಗೊತ್ತಿರಲಿಕ್ಕಿಲ್ಲ. ಹಳದಿ ಉಣ್ಣೆಯ ಚೆಂಡು, ಬಯಲಿನ ಕೋರ್ಟು, ಒಂದೊಂದು ಕಡೆ ಐದೈದು ಜನ, ಆಗ ಇಪ್ಪತ್ತೊಂಬತ್ತು ಪಾಯಿಂಟಿನ ಗೇಮು. ಎದುರು ಟೀಮಿನಲ್ಲಿ ಟೆಲಿಫೋನ್ ಇಲಾಖೆಯ ಒಬ್ಬರು ಆಡುತ್ತಿದ್ದರು, ತಮಿಳರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ‘ಅಣ್ಣೇ’ ಅನ್ನುತ್ತಿದ್ದೆ, ಅವರು ‘ತಂಬಿ’. ನಮ್ಮ ಸಂಘ ಕೈಲಾಸಂ ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ಆಡಿದಾಗ ಲೈಟ್ ಹಾಕುವವರು ಯಾರೂ ಸಿಗಲಿಲ್ಲ. ಅಣ್ಣೇ ಬಂದರು. ಕನ್ನಡ ಒಂದಕ್ಷರ ಬಾರದು. ರಿಹರ್ಸಲಿನಲ್ಲಿ ಕೂತು ಕ್ಯೂ ಮಾತುಗಳನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದುಕೊಂಡರು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ ನೋಡಿ. ಗಂಡ ಯಾವುದು ಕಂಡ ಯಾವುದು ಅಂತ ಒದ್ದಾಡಿ, ಕೊನೆಗೆ ಗ ಇದ್ದಲ್ಲೆಲ್ಲ ಕೆಂಪು ಚುಕ್ಕೆ ಇಟ್ಟುಕೊಂಡರು. ಒಂದು ಲೈಟೂ ತಪ್ಪಲಿಲ್ಲ. ‘ಕೈಲಾಸಂ ಮನೆಯಲ್ಲೂ ತಮಿಳೇ ಅಲ್ಲವಾ’ ಅಂತ ನಕ್ಕರು.

1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ. ಬೆಂಗಳೂರಿನಲ್ಲಿ ತಮಿಳರ ಮೇಲೆ ನಮ್ಮವರು ಮಾಡಿದ ಅನಾಹುತದ ಸುದ್ದಿ ದಿನವೂ ಪೇಪರಿನಲ್ಲಿ ಬರುತ್ತಿತ್ತು. ಇಲ್ಲಿ ನಾವು ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದೆವು. ನನ್ನ ಸ್ಕೂಟರಿಗೆ ಕರ್ನಾಟಕದ ನಂಬರ್ ಪ್ಲೇಟು. ಒಂದು ರಾತ್ರಿ ಅಣ್ಣೇ ಬಂದು ಕೀಲಿ ಕೇಳಿದರು. ಸ್ಕೂಟರನ್ನು ತಳ್ಳಿಕೊಂಡು ಹೋಗಿ ತಮ್ಮ ಮನೆಯ ಹಿತ್ತಲಲ್ಲಿ ನಿಲ್ಲಿಸಿ, ನಮ್ಮ ನಾಟಕದ ಹಳೆಯ ನೀಲಿ ಪರದೆ ಅದರ ಮೇಲೆ ಹೊದಿಸಿದರು. ಪರದೆ ಅವರ ಮನೆಯಲ್ಲೇ ಇರುತ್ತಿತ್ತು. ಆಮೇಲೆ ಐದು ರಾತ್ರಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರು. ಯಾರೂ ಬರಲಿಲ್ಲ. ಬಂದಿದ್ದರೆ ಅವರೇನು ಮಾಡುತ್ತಿದ್ದರೋ, ನಾನು ಕೇಳಲಿಲ್ಲ.

1994ರ ಸಂಚಿಕೆಯಲ್ಲಿ ಆ ನಾಟಕದ ಫೋಟೋದ ಕೆಳಗೆ ‘ಬೆಳಕು: ಸಂಘದ ಸದಸ್ಯರು’ ಅಂತಿದೆ. ಅಣ್ಣೇ ಸದಸ್ಯರಾಗಿರಲಿಲ್ಲ. ಕನ್ನಡಿಗರಲ್ಲದವರ ಹೆಸರು ಯಾಕೆ ಅಂತ ಸಮಿತಿಯಲ್ಲಿ ಯಾರೋ ಅಂದರು. ಗಲಾಟೆಯಾಗಿ ಮೂರೇ ವರ್ಷ, ನನಗೂ ವಾದ ಮಾಡುವ ಧೈರ್ಯ ಬರಲಿಲ್ಲ. ಆ ಸಾಲಿನ ಪ್ರೂಫಿನಲ್ಲಿ ‘ಬೆಳಕು’ ಅನ್ನುವುದರ ‘ಳ’ ತಪ್ಪಿತ್ತು. ಅದನ್ನು ತಿದ್ದಿದೆ.

ಸಂಚಿಕೆ ತೆಗೆದುಕೊಂಡು ಹೋದ ವರ್ಷ ಚೆನ್ನೈಗೆ ಹೋಗಿದ್ದೆ. ಕೋರ್ಟು ಇದ್ದಲ್ಲಿ ಈಗ ಅಪಾರ್ಟ್‌ಮೆಂಟಿನ ಕಾರುಗಳು ನಿಂತಿವೆ. ಅಣ್ಣೇಗೆ ಎಂಬತ್ತು ದಾಟಿದೆ, ಕಿವಿ ಮಂದ. ಆ ಪುಟ ತೋರಿಸಿ, ಇದ್ದದ್ದನ್ನು ನನ್ನ ಹರಕು ತಮಿಳಿನಲ್ಲಿ ಜೋರಾಗಿ ಹೇಳಿದೆ. ಫೋಟೋ ನೋಡಿದರು, ಸ್ಟೇಜಿನ ಬಲಗಡೆ ಬೆಳಕು ಸ್ವಲ್ಪ ಕಡಿಮೆಯಾಗಿತ್ತು ಅಂದರು. ಸ್ಕೂಟರಿನ ಮಾತು ತೆಗೆದೆ. ಕೈ ಅಲ್ಲಾಡಿಸಿ, ‘ಅದು ಬಿಡು ತಂಬಿ, 1988ರ ಫೈನಲ್ಲಿನಲ್ಲಿ ನೀನು ಔಟ್ ಅಂದೆಯಲ್ಲ, ಆ ಚೆಂಡು ಗೆರೆಯ ಮೇಲೆ ಬಿದ್ದಿತ್ತು’ ಅಂದರು. ಹೌದು ಅಂತ ಒಪ್ಪಿಕೊಂಡೆ.