ಹೊರಗೋಡೆ ದಾರಿಹೋಕರಿಗೆ, ಒಳತೊಲೆ ನೆರೆಹೊರೆಗೆ
(ಅಮೆರಿಕದ ಹಳೇ ಬಾರ್ನ್‌ಗಳನ್ನು ನೋಡುವವರಿಗೊಂದು ಕೈಪಿಡಿ)

ಪೆನ್ಸಿಲ್ವೇನಿಯಾದ ಬರ್ಕ್ಸ್, ಲ್ಯಾಂಕಾಸ್ಟರ್ ಕೌಂಟಿಗಳ ಹಳ್ಳಿದಾರಿ ಹಿಡಿದರೆ ಮನೆಗಿಂತ ಮೊದಲು ಬಾರ್ನ್ ಕಣ್ಣಿಗೆ ಬೀಳುತ್ತದೆ. ದನದ ಕೊಟ್ಟಿಗೆ, ಹುಲ್ಲಿನ ಅಟ್ಟ, ಒಕ್ಕುವ ಕಣ, ಕಾಳಿನ ಕಣಜ ಎಲ್ಲವೂ ಅಲ್ಲಿ ಒಂದೇ ಸೂರಿನಡಿ. ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಬೆಳಗ್ಗೆ ಹೊರಟು ಸಂಜೆಗೆ ಮರಳುವಷ್ಟು ದೂರ. ಹೋದವರಲ್ಲಿ ಬಹಳಷ್ಟು ಮಂದಿ ಕೆಂಪು ಗೋಡೆಯ ಮುಂದೊಂದು ಫೋಟೋ ತೆಗೆಸಿಕೊಂಡು ಕಾರು ಹತ್ತುತ್ತಾರೆ. ಹೊರಗೋಡೆ ದಾರಿಹೋಕರಿಗೆ ಹೇಳುವುದೇ ಒಂದು, ಒಳಗಿನ ತೊಲೆಗಳು ಊರವರ ಬಗ್ಗೆ ಹೇಳುವುದೇ ಇನ್ನೊಂದು. ಈ ವ್ಯತ್ಯಾಸ ಹಿಡಿದರೆ ಬಾರ್ನ್ ನೋಡಲು ಕಲಿತಂತೆ.

ಮೊದಲು ಒಂದು ಸುತ್ತು

ಬಾಗಿಲಿಗೆ ನುಗ್ಗುವ ಮುನ್ನ ಕಟ್ಟಡವನ್ನು ಸುತ್ತಿ ಬನ್ನಿ. ಜರ್ಮನ್ ಮಾತಿನ ವಲಸಿಗರು ಇಲ್ಲಿ ಕಟ್ಟಿದ ಬಾರ್ನ್ ದಿಬ್ಬಕ್ಕೆ ಬೆನ್ನು ಕೊಟ್ಟು ನಿಂತಿರುತ್ತದೆ. ಹುಲ್ಲು ಹೇರಿದ ಗಾಡಿ ದಿಬ್ಬದ ಕಡೆಯಿಂದ ನೇರವಾಗಿ ಮೇಲಂತಸ್ತಿನ ಕಣಕ್ಕೇ ಬರುತ್ತದೆ. ಕೆಳಗಿನ ಕೊಟ್ಟಿಗೆಗೆ ಬಾಗಿಲು ಇನ್ನೊಂದು ಮಗ್ಗುಲಲ್ಲಿ, ಚಳಿಗಾಲದ ಬಿಸಿಲು ಸಿಗಲೆಂದು ಸಾಮಾನ್ಯವಾಗಿ ದಕ್ಷಿಣಕ್ಕೆ. ಅದರ ಮೇಲೆ ಮುಂದಕ್ಕೆ ಚಾಚಿಕೊಂಡ ಅಂತಸ್ತಿಗೆ ‘ಫೋರ್‌ಬೇ’ ಎನ್ನುತ್ತಾರೆ. ಪೆನ್ಸಿಲ್ವೇನಿಯಾ ಬಾರ್ನಿನ ಗುರುತೇ ಅದು. ಕೆಂಪು ಬಣ್ಣಕ್ಕೆ ಕಾರಣ ಅಗ್ಗದ ಸಾಮಗ್ರಿ: ಅಗಸೆ ಎಣ್ಣೆಗೆ ಕಬ್ಬಿಣದ ಅಂಶವಿರುವ ಕೆಮ್ಮಣ್ಣು ಕಲೆಸಿ ಬಳಿಯುತ್ತಿದ್ದರು.

ನಕ್ಷತ್ರದ ಕಥೆಯನ್ನು ಸೋಸಿ ಕೇಳಿ

ಬರ್ಕ್ಸ್, ಲೀಹೈ ಕೌಂಟಿಗಳ ಗೋಡೆಗಳ ಮೇಲೆ ವೃತ್ತದೊಳಗೆ ಬಣ್ಣದ ನಕ್ಷತ್ರಗಳಿವೆ. ಮಾಟಗಾತಿಯರನ್ನು ದೂರವಿಡಲು ಬರೆದದ್ದು ಎಂದು ಪ್ರವಾಸಿಗರಿಗೆ ಹೇಳುವ ರೂಢಿ. ಈ ಕಥೆಗೆ ರೆಕ್ಕೆ ಬಂದದ್ದು 1924ರಲ್ಲಿ, ವ್ಯಾಲೇಸ್ ನಟಿಂಗ್ ಬರೆದ ‘ಪೆನ್ಸಿಲ್ವೇನಿಯಾ ಬ್ಯೂಟಿಫುಲ್’ ಪುಸ್ತಕದಿಂದ. ಚಂದಕ್ಕಾಗಿ ಬರೆದದ್ದಷ್ಟೇ ಎಂಬುದು ಊರಿನ ಅನೇಕರ ಉತ್ತರ. ಇವು ಲೂಥರನ್, ರಿಫಾರ್ಮ್ಡ್ ಪಂಥದ ರೈತರ ಬಾರ್ನ್‌ಗಳ ಮೇಲಿನವು. ಸರಳ ಬಾಳಿನ ಆಮಿಶ್ ಜನ ಇಂಥ ಅಲಂಕಾರ ಮಾಡುವವರಲ್ಲ. ಅಂಗಡಿಯಲ್ಲಿ ‘ಆಮಿಶ್ ನಕ್ಷತ್ರ’ ಮಾರಲು ಬಂದರೆ ನಕ್ಕು ಮುಂದೆ ಹೋಗಿ.

ಹಾಗೆಂದು ಆ ರೈತರಿಗೆ ಭಯವೇ ಇರಲಿಲ್ಲವೆಂದಲ್ಲ. ಬೆಂಕಿ, ಸಿಡಿಲಿನಿಂದ ಕಾಯಲೆಂದು ‘ಸ್ವರ್ಗದ ಪತ್ರ’ ಎಂಬ ರಕ್ಷಾಪತ್ರವನ್ನು ಇಟ್ಟುಕೊಳ್ಳುವ ಪದ್ಧತಿ ಅವರಲ್ಲಿತ್ತು. 1820ರಲ್ಲಿ ರೆಡಿಂಗ್ ಪಟ್ಟಣದಲ್ಲಿ ಜಾನ್ ಜಾರ್ಜ್ ಹೋಮನ್ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಜನರಿಗೂ ಜಾನುವಾರಿಗೂ ಮದ್ದು, ಮಂತ್ರ ಎರಡೂ ಇದ್ದವು. ನಂಬಿಕೆ ಹುಡುಕುವವರು ಬಣ್ಣಕ್ಕಿಂತ ಈ ಕಾಗದಗಳ ಬೆನ್ನು ಹತ್ತಬೇಕು.

ದಾರಿಹೋಕರಿಗಾಗಿ ಗೋಡೆಗೆ ಬಣ್ಣ ಬಳಿಯುವುದು ಅಷ್ಟಕ್ಕೇ ನಿಲ್ಲಲಿಲ್ಲ. ಓಹಾಯೋ, ವೆಸ್ಟ್ ವರ್ಜೀನಿಯಾ ಕಡೆ ‘ಮೇಲ್ ಪೌಚ್’ ಹೊಗೆಸೊಪ್ಪಿನ ಜಾಹೀರಾತುಗಳು ಬಂದವು. ಹಾರ್ಲಿ ವಾರಿಕ್ ಎಂಬ ಪೇಂಟರ್ ಅವನ್ನು ಬರೆಯುವುದರಲ್ಲೇ ಜೀವಮಾನ ಕಳೆದ. 2001ರಲ್ಲಿ ಓಹಾಯೋದ ಆಡಮ್ಸ್ ಕೌಂಟಿಯಲ್ಲಿ ಡೋನಾ ಸೂ ಗ್ರೋವ್ಸ್ ತಾಯಿಯ ಗೌರವಕ್ಕೆಂದು ಕೌದಿಯ ಚಿತ್ತಾರವನ್ನು ಬಾರ್ನ್ ಗೋಡೆಗೆ ತರುವ ಕೆಲಸ ಶುರುಮಾಡಿದರು. ಅದು ಹಲವು ರಾಜ್ಯಗಳಿಗೆ ಹಬ್ಬಿತು.

ಈಗ ಒಳಗೆ, ತಲೆಯೆತ್ತಿ

ಕಂಬವೂ ತೊಲೆಯೂ ಕೂಡುವಲ್ಲಿ ಟಾರ್ಚ್ ಬಿಡಿ. ಉಳಿಯಿಂದ ಕೊರೆದ ರೋಮನ್ ಅಂಕಿಗಳು ಕಾಣಬಹುದು. ನೆಲದ ಮೇಲೆ ಕೊರೆದು ಹೊಂದಿಸಿದ ಮರಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂದು ಬಡಗಿ ಮಾಡಿದ ಗುರುತು ಅದು. ಕೀಲಿಗೂ ಮರದ ಗೂಟವೇ. ಹೀಗೆ ಹೆಣೆದ ಚೌಕಟ್ಟನ್ನು ಉದ್ದನೆ ಕೋಲುಗಳಿಂದ ತಳ್ಳಿ ನಿಲ್ಲಿಸಲು ಒಂದು ಮನೆಯ ಕೈಗಳು ಸಾಲವು. ನಮ್ಮ ಹಳ್ಳಿಗಳ ಮುಯ್ಯಾಳಿನಂತೆ ಸುತ್ತಲಿನವರು ಬಂದು ಎತ್ತಿ ನಿಲ್ಲಿಸುತ್ತಿದ್ದರು, ಹೆಂಗಸರು ಅಷ್ಟೂ ಮಂದಿಗೆ ಅಡಿಗೆ ಮಾಡುತ್ತಿದ್ದರು. ಇಂದು ನಿಮ್ಮದು, ನಾಳೆ ನಮ್ಮದು ಎಂಬುದೇ ಕೂಲಿ. ಆಮಿಶರಲ್ಲಿ ಈ ಪದ್ಧತಿ ಈಗಲೂ ಇದೆ. 1985ರ ‘ವಿಟ್ನೆಸ್’ ಚಿತ್ರದಲ್ಲಿ ಇಂಥದೊಂದು ದಿನದ ಸಂಭ್ರಮವಿದೆ. ಆದರೆ ಆ ದಿನಕ್ಕೆ ಮುನ್ನ ಮರ ಕಡಿದು, ಕೆತ್ತಿ, ಅಳೆದಿಟ್ಟ ಕೆಲಸವನ್ನು ಹೇಳುವುದು ಈ ಅಂಕಿಗಳು.

ಕಾಲಡಿಯ ಕಣ

ಹಲಗೆಯ ಕಣದ ಮೇಲೆ ನಿಂತು ಅಗಲ ನೋಡಿ. ಚಳಿಗಾಲದಲ್ಲಿ ಕೋಲು ಬೀಸಿ ಗೋಧಿ ಬಡಿದ ಜಾಗವೇ, ಬಿಡುವಾದಾಗ ಕುಣಿತದ ಅಂಗಳ. ಮೆಕ್ಕೆಜೋಳದ ಸಿಪ್ಪೆ ಸುಲಿಯಲು ಊರ ಹುಡುಗ ಹುಡುಗಿಯರು ಸೇರುತ್ತಿದ್ದರು. ಕೆಂಪು ತೆನೆ ಸಿಕ್ಕವರಿಗೆ ಮುತ್ತಿನ ಹಕ್ಕು. ಬೇಸರದ ಕೆಲಸ ರಾತ್ರಿ ಬೆಳಗಾಗುವಷ್ಟರಲ್ಲಿ ಮುಗಿಯಲು ಇಷ್ಟು ಆಸೆ ಸಾಕಿತ್ತು. ಈ ಕುಣಿತದ ಹೆಸರು ರೇಡಿಯೋಗೂ ಹೋಯಿತು: 1924ರಲ್ಲಿ ಶಿಕಾಗೋದಿಂದ ‘ನ್ಯಾಷನಲ್ ಬಾರ್ನ್ ಡ್ಯಾನ್ಸ್’, ಮರುವರ್ಷ ನ್ಯಾಶ್‌ವಿಲ್‌ನಿಂದ ಇನ್ನೊಂದು ಬಾರ್ನ್ ಡ್ಯಾನ್ಸ್. ಎರಡನೆಯದೇ ಮುಂದೆ ಹೆಸರು ಬದಲಿಸಿಕೊಂಡು ‘ಗ್ರ್ಯಾಂಡ್ ಓಲ್ ಆಪ್ರಿ’ ಆಯಿತು.

ಕೊನೆಗೆ ಮರ್ಯಾದೆ

ಬಾರ್ನ್ ಖಾಸಗಿ ಸ್ವತ್ತು. ಕೇಳಿಯೇ ಒಳಗೆ ಹೋಗಿ. ಹಳೆಯ ಹಲಗೆ ಕುಂಬಾಗಿರಬಹುದು, ಯಜಮಾನರು ತೋರಿಸಿದ ಕಡೆಯಷ್ಟೇ ಕಾಲಿಡಿ. ಆಮಿಶರಿಗೆ ಕ್ಯಾಮೆರಾ ಹಿಡಿಯಬೇಡಿ, ಅದು ಅವರಿಗೆ ಹಿಡಿಸುವುದಿಲ್ಲ. ಮಾತಿಗೆ ಸಿಕ್ಕ ಯಜಮಾನರನ್ನು ಎಷ್ಟು ವರ್ಷದ್ದು ಎಂದು ಕೇಳುವುದಕ್ಕಿಂತ, ಇದನ್ನು ಎತ್ತಿ ನಿಲ್ಲಿಸಲು ಯಾವ ಯಾವ ಮನೆಯವರು ಬಂದಿದ್ದರು ಎಂದು ಕೇಳಿ. ಇಸವಿಯನ್ನು ಎಷ್ಟೋ ಕಡೆ ಗೋಡೆಯ ಕಲ್ಲಿನಲ್ಲೇ ಕೆತ್ತಿರುತ್ತಾರೆ. ಬಂದವರ ಹೆಸರನ್ನು ಅಲ್ಲಿ ಯಾರೂ ಕೆತ್ತಿಲ್ಲ, ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.