‘ಮಹಾವತಾರ ನರಸಿಂಹ’ ಚಿತ್ರ: ಒಂದು ವಿಮರ್ಶೆ

ಪುರಾಣದ ಕಥೆಯು ಓಲೆಗರಿಯಿಂದ ರಂಗಕ್ಕೂ ರಂಗದಿಂದ ಬೆಳ್ಳಿತೆರೆಗೂ ಬರುವಾಗ ಮಾರ್ಪಡುವುದು ಸಹಜವೇ ಆಗಿದೆ. ಮಾರ್ಪಾಡೆಲ್ಲವೂ ದೋಷವೆನ್ನುವವರು ನಮ್ಮ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಹಾಡಿದ ರಾಘವಾಂಕನನ್ನು ನೆನೆಯಬೇಕು. ‘ಹರಿಶ್ಚಂದ್ರಕಾವ್ಯ’ದ ಗಾನರಾಣಿಯರ ಪ್ರಸಂಗವು ಆ ಕವಿಯ ಸ್ವಂತ ಕಲ್ಪನೆ. ಆದರೂ ಅದಕ್ಕಾಗಿ ಇಂದು ಯಾರೂ ಅವನನ್ನು ದೂರುವುದಿಲ್ಲ. ಆ ಪ್ರಸಂಗವು ರಾಜನ ಸತ್ಯಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಕೂಡಿಸಿದ್ದು ಕಥೆಯ ಜೀವಾಳಕ್ಕೆ ನೆರವಾಯಿತೆ ಎಂಬ ಈ ಒರೆಗಲ್ಲಿನ ಮೇಲೆಯೇ ‘ಮಹಾವತಾರ ನರಸಿಂಹ’ವನ್ನು ತಿಕ್ಕಿನೋಡುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಅಶ್ವಿನ್ ಕುಮಾರ್ ಅವರು ನಿರ್ದೇಶಿಸಿದ ಈ ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯು ಅರ್ಪಿಸಿತು. 2025ರ ಜುಲೈ 25ರಂದು ಅದು ಹಿಂದಿಯೊಡನೆ ಕನ್ನಡ ಮೊದಲಾದ ಭಾಷೆಗಳಲ್ಲಿಯೂ ತೆರೆಕಂಡು ಅಪಾರ ಜನಪ್ರಿಯತೆಯನ್ನು ಪಡೆಯಿತು. ಕಥೆಯು ನಮಗೆ ದೂರದ್ದಲ್ಲ. ನಮ್ಮ ಜಿಲ್ಲೆಯ ಅಂಚಿಗೇ ಭೀಮೆಯೂ ನೀರೆಯೂ ಕೂಡುವಲ್ಲಿರುವ ನೀರಾ ನರಸಿಂಗಪುರದ ಮರಳಿನ ಮೂರ್ತಿಯನ್ನು ಪ್ರಹ್ಲಾದನೇ ಮಾಡಿ ಪೂಜಿಸಿದನೆಂದು ಕ್ಷೇತ್ರದ ಐತಿಹ್ಯವಿದೆ. ಭೀಮೆಯ ನೀರು ಕುಡಿದ ನಾವು ಈ ಚಿತ್ರವನ್ನು ಬರಿಯ ವಿನೋದವೆಂದು ಬಿಟ್ಟುಬಿಡಲಾರೆವು.

ಮೊದಲು ಗುಣವನ್ನು ಹೇಳಬೇಕು. ನರಸಿಂಹನು ಮನುಷ್ಯನೂ ಅಲ್ಲ, ಮೃಗವೂ ಅಲ್ಲ. ನಟನೊಬ್ಬನಿಗೆ ಸಿಂಹದ ಮುಖವಾಡ ಕಟ್ಟಿದರೆ ಒಳಗಿನ ಮನುಷ್ಯನು ಕಾಣದೆ ಇರುವುದಿಲ್ಲ. ಹಂಪೆಯಲ್ಲಿ 1528ರಲ್ಲಿ ಮೂರ್ತಿಯನ್ನು ಕಡೆದ ಶಿಲ್ಪಿಯು ಈ ತೊಡಕನ್ನು ಗೆದ್ದನು. ಆದರೆ ಕಲ್ಲಿಗೆ ಚಲನೆಯಿಲ್ಲ. ಅನಿಮೇಷನ್ನಿಗೆ ಎರಡೂ ಸಾಧ್ಯ. ಕಂಬವೊಡೆದು ಹೊರಬರುವ ಮೂರ್ತಿಯಲ್ಲಿಯೂ ಭೂದೇವಿಯನ್ನೆತ್ತುವ ವರಾಹನಲ್ಲಿಯೂ ಈ ಕಲೆಯು ತನಗೆ ತಕ್ಕ ವಸ್ತುವನ್ನೇ ಕಂಡುಕೊಂಡಿದೆ.

ಇನ್ನು ಕೊರತೆಯ ವಿಚಾರ. ಭಾಗವತದ ಏಳನೆಯ ಸ್ಕಂಧದಲ್ಲಿ ಬರುವ ಪ್ರಹ್ಲಾದಚರಿತ್ರೆಯು ಬಹುಮಟ್ಟಿಗೆ ಒಂದು ಪಾಠಶಾಲೆಯ ಕಥೆಯೆಂಬುದನ್ನು ಶಿಕ್ಷಕರಾದ ನಾವು ಮರೆಯಬಾರದು. ತಂದೆಯು ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಕಲಿತುದರಲ್ಲಿ ಒಳ್ಳೆಯದು ಯಾವುದೆಂದು ಕೇಳುತ್ತಾನೆ. ಉತ್ತರವು ಹಿಡಿಸದೆ ಗುರುಗಳಾದ ಶಂಡಾಮರ್ಕರನ್ನು ಗದರುತ್ತಾನೆ. ಗುರುಗಳು ಮನೆಗೆಲಸಕ್ಕೆ ಹೋದಾಗ ಓರಗೆಯ ಹುಡುಗರು ಆಟಕ್ಕೆ ಕರೆಯುತ್ತಾರೆ. ಪ್ರಹ್ಲಾದನು ಅವರನ್ನು ಕೂಡಿಸಿಕೊಂಡು ಸರ್ವಪ್ರಾಣಿಗಳಲ್ಲಿ ದಯೆಯಿರಲೆಂದು ತಿಳಿಹೇಳುತ್ತಾನೆ. ಆನೆ, ಹಾವು, ವಿಷ, ಬೆಂಕಿಗಳ ಹಿಂಸೆಯೆಲ್ಲ ಅಲ್ಲಿ ಎರಡೇ ಶ್ಲೋಕಗಳಲ್ಲಿ ಮುಗಿದರೆ ಈ ಉಪದೇಶಕ್ಕೆ ಎರಡು ಅಧ್ಯಾಯಗಳೇ ಮೀಸಲಾಗಿವೆ. ಚಿತ್ರದಲ್ಲಿ ಈ ಪ್ರಮಾಣವು ತಿರುವುಮುರುವಾಗಿದೆ. ಹಿಂಸೆಯು ಬೆಳೆದಿದೆ, ಭಾಗವತದಲ್ಲಿಲ್ಲದ ಹೋಳಿಕೆಯೂ ಬಂದಿದ್ದಾಳೆ, ಕೊನೆಯ ಕಾಳಗವಂತೂ ಮುಗಿಯುವ ಲಕ್ಷಣವೇ ತೋರುವುದಿಲ್ಲ. ಹೋಳಿಕೆಯ ಸೇರ್ಪಡೆಯನ್ನು ನಾವು ಆಕ್ಷೇಪಿಸುವುದಿಲ್ಲ. ಹೋಳಿ ಹುಣ್ಣಿಮೆಯ ಜನಪದ ನಂಬಿಕೆಗೆ ಅದು ಹೊಂದುತ್ತದೆ. ಕಾಳಗದ ಹಿಗ್ಗಲಿಕೆಯು ಮಾತ್ರ ರಾಘವಾಂಕನ ಒರೆಗಲ್ಲಿಗೆ ನಿಲ್ಲಲಾರದು.

ಏಕೆ? ಜಯಿಸದಿರುವ ತನ್ನ ಮನಸ್ಸಿಗಿಂತ ಬೇರೆ ಶತ್ರುವಿಲ್ಲವೆಂದು ಪ್ರಹ್ಲಾದನು ತಂದೆಗೇ ಹೇಳುವುದು ಈ ಕಥೆಯ ತಿರುಳು. ಜಪಾನಿನ ಜಿಬ್ಲಿ ಸಂಸ್ಥೆಯು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ‘ಅರ್ತ್‌ಸೀ’ ಕಾದಂಬರಿಗಳನ್ನು 2006ರಲ್ಲಿ ಅನಿಮೇಷನ್ ಚಿತ್ರವಾಗಿಸಿದಾಗ ಆ ಲೇಖಕಿಯೂ ಇಂಥದೇ ಆಕ್ಷೇಪವೆತ್ತಿದರು: ಕೆಡುಕನ್ನೆಲ್ಲ ಒಬ್ಬ ಖಳನ ಮೇಲೆ ಹೊರಿಸಿ, ಅವನನ್ನು ಕೊಂದರೆ ಎಲ್ಲವೂ ಸರಿಹೋಯಿತೆಂಬಂತೆ ತೋರಿಸಲಾಗಿದೆಯೆಂದು. ನಮ್ಮ ಚಿತ್ರಕ್ಕೂ ಈ ಮಾತು ಒಪ್ಪುತ್ತದೆ. 1983ರ ಕನ್ನಡದ ‘ಭಕ್ತ ಪ್ರಹ್ಲಾದ’ದಲ್ಲಿ ಯಂತ್ರಕೌಶಲವು ಕಡಿಮೆ; ಆದರೆ ನಾಟಕರಂಗದಲ್ಲಿ ಪಳಗಿದ ರಾಜಕುಮಾರರ ಹಿರಣ್ಯಕಶಿಪುವಿನಲ್ಲಿ ಮಗನ ಮೇಲಣ ಮೋಹವೂ ಅಹಂಕಾರವೂ ಒಂದೇ ಮುಖದಲ್ಲಿ ಹೊಯ್ದಾಡುತ್ತವೆ. ಶತ್ರುವು ಒಳಗಿದ್ದಾನೆಂಬುದು ಅಲ್ಲಿ ನೋಟಕನಿಗೆ ತಾನಾಗಿ ತಿಳಿಯುತ್ತದೆ. ಹೊಸ ಚಿತ್ರದ ಅಸುರನಲ್ಲಿ ಗಾತ್ರವುಂಟು, ಘರ್ಜನೆಯುಂಟು. ತಂದೆಯು ಕಾಣುವುದು ಅಲ್ಪ.

ಹಾಗಾದರೆ ಮಕ್ಕಳಿಗೆ ತೋರಿಸಬಾರದೆ? ತೋರಿಸಬಹುದು. ಸಿಟ್ಟಿಳಿಯದ ಉಗ್ರಮೂರ್ತಿಯ ಮುಂದೆ ಪುಟ್ಟ ಕೂಸು ನಿರ್ಭಯವಾಗಿ ನಿಲ್ಲುವ ದೃಶ್ಯವೊಂದೇ ಸಾಕು. ಆದರೆ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ತೆರೆಯ ಮೇಲೆ ಹಿಂದಿ. ಕಥೆಯನ್ನು ಕನ್ನಡದಲ್ಲಿ ಓದಿ ಹೇಳುವ ಹೊಣೆ ಶಿಕ್ಷಕನದೇ. ಹದಿನಾರನೆಯ ಶತಮಾನದ ಚಾಟು ವಿಠಲನಾಥನೇ ಭಾಗವತವನ್ನು ನಮ್ಮ ನುಡಿಗೆ ತಂದಿದ್ದಾನೆ. ಅದರಿಂದ ಪ್ರಹ್ಲಾದನ ಭಾಗವನ್ನಾರಿಸಿ ಸರಳಗೊಳಿಸಿ ಹೇಳಬಹುದು. ಅನಂತರ ಒಂದೇ ಪ್ರಶ್ನೆ ಕೇಳೋಣ: ಯಾವ ವರ ಬೇಕೆಂದು ನರಸಿಂಹನು ಕೇಳಿದಾಗ ಪ್ರಹ್ಲಾದನು ಬೇಡಿದ್ದೇನು? ತನ್ನನ್ನು ಕೊಲ್ಲಿಸಹೊರಟ ತಂದೆಯು ಪಾಪಮುಕ್ತನಾಗಲಿ ಎಂದು. ಇದನ್ನು ಮಗುವು ತನ್ನ ಮಾತಿನಲ್ಲಿ ಹೇಳಿತೆಂದರೆ ಚಿತ್ರವು ಬಿಟ್ಟ ಪಾಠವನ್ನು ಶಾಲೆಯು ತುಂಬಿಕೊಟ್ಟಂತಾಯಿತು.

ಹತ್ತು ಅವತಾರಗಳ ಈ ಮಾಲೆಯನ್ನು 2037ರವರೆಗೆ ಮುಂದುವರಿಸುವೆವೆಂದು ನಿರ್ಮಾಪಕರು ಸಾರಿದ್ದಾರೆ. ಮುಂದಿನ ಚಿತ್ರಗಳಲ್ಲಿ ಆಯುಧಗಳ ಸದ್ದಿನೊಡನೆ ಮಾತಿಗೂ ಮೌನಕ್ಕೂ ಎಡೆ ದೊರೆಯಲೆಂದು ಹಾರೈಸುತ್ತೇವೆ.